ಪದ ಪರಿಚಯ: ದಿನದ ನಕ್ಷತ್ರ

ಪಂಚಾಂಗದಲ್ಲಿ ‘ಇಂದು ರೋಹಿಣಿ’ ಎಂದಿದ್ದರೆ, ಚಂದ್ರ ಆಕಾಶದಲ್ಲಿ ರೋಹಿಣಿಯ ಪಾಲಿಗೆ ಬಂದ ಜಾಗದಲ್ಲಿದ್ದಾನೆ ಎಂದರ್ಥ. ಮೇ ಕೊನೆಗೆ ಹಿಡಿಯುವ ರೋಹಿಣಿ ಮಳೆಯ ಲೆಕ್ಕವೇ ಬೇರೆ. ಅದು ಸೂರ್ಯನದು, ಹದಿಮೂರು-ಹದಿನಾಲ್ಕು ದಿನ ನಡೆಯುತ್ತದೆ. ಅಷ್ಟೇ ದೂರವನ್ನು ಚಂದ್ರ ಹೆಚ್ಚುಕಡಿಮೆ ಒಂದು ದಿನದಲ್ಲಿ ಮುಗಿಸುತ್ತಾನೆ. ಚಂದ್ರನ ದಾರಿಯ ಪೂರ್ತಿ ಸುತ್ತು, 360 ಡಿಗ್ರಿಯನ್ನು, 27 ನಕ್ಷತ್ರಗಳಿಗೆ ಸಮನಾಗಿ ಪಾಲು ಮಾಡಿದರೆ ಒಂದೊಂದಕ್ಕೆ 13 ಡಿಗ್ರಿ 20 ಕಲೆ (60 ಕಲೆಗೆ ಒಂದು ಡಿಗ್ರಿ). ಚಂದ್ರನ ಸರಾಸರಿ ದಿನಗತಿ 13.2 ಡಿಗ್ರಿ.

ಇದನ್ನು ಬರಿಗಣ್ಣಲ್ಲೇ ನೋಡಬಹುದು. ಬೆಂಗಳೂರಿನ ಬೀದಿದೀಪಗಳ ನಡುವೆ ಇಪ್ಪತ್ತೇಳೂ ನಕ್ಷತ್ರ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಚಂದ್ರನ ದಾರಿಗೆ ಹತ್ತಿಕೊಂಡೇ ಇರುವ ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ ಸಾಕು. (ಸ್ವಾತಿ ಇವಕ್ಕಿಂತ ಪ್ರಕಾಶಮಾನ, ಆದರೆ ಆ ದಾರಿಯಿಂದ 30 ಡಿಗ್ರಿ ಉತ್ತರಕ್ಕಿದೆ, ಚಂದ್ರ ಅದರ ಹತ್ತಿರ ಸುಳಿಯುವುದೇ ಇಲ್ಲ.) ಶುರುಮಾಡಲು ಫೆಬ್ರುವರಿ ಒಳ್ಳೆಯದು: ಮೋಡ ಕಡಿಮೆ, ತಿಂಗಳ ನಡುವೆ ಸಂಜೆ ಏಳೂಕಾಲರ ಹೊತ್ತಿಗೆ ಕೆಂಬಣ್ಣದ ರೋಹಿಣಿ ನಮ್ಮ ನೆತ್ತಿಯ ಹತ್ತಿರವೇ ಇರುತ್ತದೆ. ಶುಕ್ಲ ಸಪ್ತಮಿಯಿಂದ ದಶಮಿಯವರೆಗೆ ದಿನಾ ಒಂದೇ ಹೊತ್ತಿಗೆ ತಾರಸಿ ಹತ್ತಿ. ತೋಳನ್ನು ಪೂರ್ತಿ ಚಾಚಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನದು 1 ಡಿಗ್ರಿ. ತಾರೆಗೂ ಚಂದ್ರನಿಗೂ ನಡುವೆ ಎಷ್ಟು ಮುಷ್ಟಿ, ಬರೆದಿಡಿ. ಮರುದಿನ ಅವನು ಒಂದೂಕಾಲರಿಂದ ಒಂದೂವರೆ ಮುಷ್ಟಿ ಪೂರ್ವಕ್ಕೆ ಸರಿದಿರುತ್ತಾನೆ. ಭೂಮಿಗೆ ಹತ್ತಿರವಿದ್ದಾಗ ಹೆಚ್ಚು, ದೂರವಿದ್ದಾಗ ಕಡಿಮೆ. ಚಂದ್ರ ತಾರೆಯ ಪಕ್ಕಕ್ಕೇ ಬಂದ ರಾತ್ರಿ ಮರುದಿನಕ್ಕೆ ಕಾಯುವುದೂ ಬೇಡ: ಗಂಟೆಗೆ ತನ್ನ ಅಗಲದಷ್ಟು, ಅಂದರೆ ಅರ್ಧ ಡಿಗ್ರಿ, ಜರುಗುವುದು ಕಣ್ಣೆದುರೇ ಗೊತ್ತಾಗುತ್ತದೆ.

ಎದುರುಮನೆಯ ನೀರಿನ ಟ್ಯಾಂಕನ್ನು ಗುರುತಾಗಿಟ್ಟುಕೊಂಡರೆ ಕೆಟ್ಟಿತು. ಇಡೀ ಆಕಾಶ ಗಂಟೆಗೆ 15 ಡಿಗ್ರಿ ಪಶ್ಚಿಮಕ್ಕೆ ತಿರುಗುತ್ತಿರುತ್ತದೆ. ಐವತ್ತು ನಿಮಿಷ ತಡವಾಗಿ ಹೋದರೆ ಚಂದ್ರ ನಿನ್ನೆಯ ಜಾಗದಲ್ಲೇ ಇದ್ದಂತೆ ಕಾಣುತ್ತಾನೆ. ಅಳತೆ ತಾರೆಯಿಂದಲೇ ಆಗಬೇಕು. ಹುಣ್ಣಿಮೆಯ ಆಸುಪಾಸಿನಲ್ಲಿ ಬೆಳಕು ಕಣ್ಣಿಗೆ ಹೊಡೆದರೆ ಹೆಬ್ಬೆರಳಿನಿಂದ ಚಂದ್ರನನ್ನು ಮರೆಮಾಡಿ.

ಪಂಚಾಂಗಕ್ಕೂ ಆಕಾಶಕ್ಕೂ ತಾಳೆಯಾಗದಿದ್ದರೆ ಮೊದಲು ಗಂಟೆ ನೋಡಿ. ಪಂಚಾಂಗ ಬರೆಯುವುದು ಸೂರ್ಯೋದಯದ ನಕ್ಷತ್ರವನ್ನು. ಅದು ಬೆಳಗ್ಗೆ ಹನ್ನೊಂದಕ್ಕೇ ಮುಗಿದಿದ್ದರೆ ಸಂಜೆ ಕಾಣುವುದು ಮುಂದಿನದು. ಇನ್ನೊಂದು ಕಾರಣ, ಪಾಲುಗಳು ಸಮ, ತಾರೆಗಳು ಹಾಗಿಲ್ಲ. ಪಾಲುಗಳು ಎಲ್ಲಿಂದ ಶುರು ಎಂದು ಗೊತ್ತುಮಾಡುವ ಪದ್ಧತಿಗಳಲ್ಲೊಂದಾದ ಲಾಹಿರಿ ಅಯನಾಂಶದ ಲೆಕ್ಕದಲ್ಲಿ ಚಿತ್ತಾ ತಾರೆ ತನ್ನ ಪಾಲಿನ ನಟ್ಟನಡುವೆ ಇದೆ. ಜ್ಯೇಷ್ಠಾ ತಾರೆ ಮಾತ್ರ ಮುಕ್ಕಾಲು ಡಿಗ್ರಿಯಷ್ಟು ಹಿಂದೆ, ಅನೂರಾಧಾ ಪಾಲಿಗೇ ಸೇರಿಹೋಗಿದೆ. ಹಾಗಾಗಿ ಚಂದ್ರ ಆ ಕೆಂಪು ತಾರೆಯನ್ನು ದಾಟಿ ಸುಮಾರು ಒಂದೂವರೆ ಗಂಟೆಯಾದ ಮೇಲೇ ಪಂಚಾಂಗದ ಜ್ಯೇಷ್ಠಾ ಶುರು.

ಚಂದ್ರ ಅದೇ ತಾರೆಗೆ ಮರಳಲು 27.3 ದಿನ ಬೇಕು, ಅದೇ ತಿಥಿಗೆ ಮರಳಲು 29.5. ಫೆಬ್ರುವರಿಯಲ್ಲಿ ನವಮಿಯಂದು ರೋಹಿಣಿಯ ಬಳಿ ಸಿಕ್ಕವನನ್ನು ಮಾರ್ಚಿನಲ್ಲಿ ಸಪ್ತಮಿಯಂದೇ ಅಲ್ಲಿ ಹುಡುಕಬೇಕು.