ಅದೇ ದ್ವೀಪ, ಅದೇ ಮರಳುಗಾಡು, ಟಿಕೆಟ್ ತಗೊಳ್ಳೋರೂ ನಾವೇ

ಜುರಾಸಿಕ್ ವರ್ಲ್ಡ್ ರೀಬರ್ತ್ ನೋಡ್ಕೊಂಡು ಬಂದು ಹಾಸನದ ಬಿ.ಎಂ. ರೋಡಲ್ಲಿ ಟೀ ಕುಡೀತಾ ನಿಂತಿದ್ವಿ, ನನ್ ಮಗ ಕೇಳ್ದ, ಅಪ್ಪಾ ಇದು ಹಳೇದೇ ಅಲ್ವಾ ಅಂತ. ಹೌದಲ್ಲ, ಮತ್ತೆ ಒಂದು ದ್ವೀಪ, ಮತ್ತೆ ಸಿಕ್ಕಾಕೊಂಡ ಒಂದು ಫ್ಯಾಮಿಲಿ, 1993ರ ಮೊದಲ ಜುರಾಸಿಕ್ ಪಾರ್ಕಿಂದ ಲೆಕ್ಕ ಹಾಕಿದ್ರೆ ಇದು ಏಳನೇ ಸಿನಿಮಾ.

ಹಿಂಗೆ ಹಳೇ ಕಥೇನೇ ಮತ್ತೆ ಮತ್ತೆ ಬಿಡೋದಕ್ಕೆ ಜನ ಬೈಯೋದು ಡಿಸ್ನಿಯೋರ್ನ. 2012ರಲ್ಲಿ ಸ್ಟಾರ್ ವಾರ್ಸ್ ಸಿನಿಮಾಗಳ ಕಂಪನಿ ಲ್ಯೂಕಾಸ್‌ಫಿಲ್ಮ್‌ನ ಸುಮಾರು 400 ಕೋಟಿ ಡಾಲರ್ ಕೊಟ್ಟು ತಗೊಂಡ್ರು, 2015ರಲ್ಲಿ ಅದೇ ಸರಣಿಯ ಫೋರ್ಸ್ ಅವೇಕನ್ಸ್ ಬಿಟ್ರು, ಅದ್ರಲ್ಲಿ ಮರಳುಗಾಡಿನ ಗ್ರಹದಲ್ಲಿ ದಿಕ್ಕಿಲ್ಲದೆ ಬೆಳೆದ ಹುಡುಗಿ, ಹೊಟ್ಟೇಲಿ ಗುಟ್ಟು ಇಟ್ಕೊಂಡು ಉರುಳಾಡೋ ರೋಬೋ, ಕೊನೇಲಿ ಗ್ರಹಗಳನ್ನೇ ಸುಡೋ ಒಂದು ದೊಡ್ಡ ಅಸ್ತ್ರ, ಅದನ್ನ ಉಡಾಯಿಸೋದು. ಅಂದ್ರೆ 1977ರ ಮೊದಲ ಸ್ಟಾರ್ ವಾರ್ಸ್ ಕಥೇಲಿ ಹುಡುಗನ ಜಾಗಕ್ಕೆ ಹುಡುಗೀನ ತಂದ್ರು ಅಷ್ಟೆ.

ಆದ್ರೆ ಈ ಚಾಳಿ ಶುರು ಮಾಡಿದ್ದೇ ಸ್ಟಾರ್ ವಾರ್ಸ್ ಹುಟ್ಟುಹಾಕಿದ ಜಾರ್ಜ್ ಲ್ಯೂಕಾಸ್ ಕಣ್ರೀ. 1977ರಲ್ಲಿ ಪುಡಿ ಮಾಡಿದ, ಗ್ರಹಗಳನ್ನೇ ಸುಡೋ ಡೆತ್ ಸ್ಟಾರ್‌ನ 1983ರಲ್ಲಿ ಮತ್ತೆ ಕಟ್ಸಿ ಮತ್ತೆ ಒಡ್ಸಿದ್ರು. 1999ರಲ್ಲಿ ಅದೇ ಮನುಷ್ಯ ಬೇರೆ ದಾರಿ ಹಿಡಿದು ವ್ಯಾಪಾರದ ತೆರಿಗೆ, ಸೆನೆಟ್ ಜಗಳ ಅಂತ ಏನೇನೋ ತಂದಾಗ ಫ್ಯಾನ್ಸೇ ಬಾಯಿಗೆ ಬಂದಂಗೆ ಬೈದ್ರು, ಆ ಪೆಟ್ಟು ತಿಂದ್ಮೇಲೇ ಹಾಲಿವುಡ್‌ನೋರು ಗೊತ್ತಿರೋ ಗದ್ದೇನೇ ಉಳೋಣ ಅಂದ್ಕೊಂಡ್ರು ಅಂತ ನನಗನ್ಸುತ್ತೆ. ದುಡ್ಡೂ ಅದನ್ನೇ ಹೇಳ್ತು: ಫೋರ್ಸ್ ಅವೇಕನ್ಸ್ 200 ಕೋಟಿ ಡಾಲರ್ ದಾಟ್ತು, ಅದೇ ವರ್ಷದ ಜುರಾಸಿಕ್ ವರ್ಲ್ಡ್ 160 ಕೋಟಿ ದಾಟ್ತು, ಅದ್ರಲ್ಲಂತೂ ಮಕ್ಕಳಿಬ್ರು ಪಾಳು ಬಿದ್ದ ಹಳೇ ಪಾರ್ಕಿಗೆ ನುಗ್ಗಿ ಅಲ್ಲಿದ್ದ ಹಳೇ ಜೀಪನ್ನೇ ರಿಪೇರಿ ಮಾಡ್ಕೊಂಡು ಓಡಿಸ್ತಾರೆ.

ಎಲ್ರಿಗೂ ಈ ಆಟ ಗಿಟ್ಟಲಿಲ್ಲ. ಟರ್ಮಿನೇಟರ್‌ನೋರು 2019ರಲ್ಲಿ, 1991ರ ಆಮೇಲಿನ ಸಿನಿಮಾಗಳೆಲ್ಲ ನಡೆದೇ ಇಲ್ಲ ಅಂತ ಒರೆಸಾಕಿ ಹಳೇ ನಾಯಕಿ ಲಿಂಡಾ ಹ್ಯಾಮಿಲ್ಟನ್‌ನ ಕರ್ಕೊಂಡು ಬಂದ್ರೂ ಹಾಕಿದ ದುಡ್ಡು ಬರ್ಲಿಲ್ಲ. ಏಲಿಯನ್ ರೋಮ್ಯುಲಸ್ (2024) ಇನ್ನೂ ಮುಂದಕ್ಕೆ ಹೋಯ್ತು, 2020ರಲ್ಲಿ ತೀರ್ಕೊಂಡ, ಮೊದಲ ಏಲಿಯನ್‌ನ ನಟ ಇಯಾನ್ ಹೋಮ್ ಮುಖಾನೇ ಒಂದು ರೋಬೋಗೆ ಅಂಟಿಸಿದ್ರು. ನನಗಂತೂ ಆ ಸೀನ್ ನೋಡಿ ಮೈ ಜುಮ್ ಅಂತು, ಒಳ್ಳೇ ಅರ್ಥದಲ್ಲಿ ಅಲ್ಲ.

ಹಾಗಂತ ಹಳೇದನ್ನ ಮತ್ತೆ ಮಾಡೋದೇ ತಪ್ಪು ಅನ್ನೋಕೆ ನಮ್ ಜಿಲ್ಲೆಯೋರಿಗೆ ಬಾಯಿಲ್ಲ. ಬೇಲೂರಲ್ಲೂ ಹಳೇಬೀಡಲ್ಲೂ ಗೋಡೆ ತಳದಲ್ಲಿ ಅದೇ ಆನೆ ಸಾಲು, ಹತ್ರ ಕೂತು ನೋಡಿದ್ರೆ ಮಾತ್ರ ಒಂದರ ಸೊಂಡಿಲು ಇದ್ದಂಗೆ ಇನ್ನೊಂದರದ್ದಿಲ್ಲ. 2022ರ ಪ್ರೇ ಸಿನಿಮಾ ಹಂಗೇ ಮಾಡ್ತು, 1987ರ ಪ್ರೆಡೇಟರ್ ಸಿನಿಮಾದ ಬೇರೆ ಗ್ರಹದ ಬೇಟೆಗಾರ ಪ್ರಾಣೀನ 1719ಕ್ಕೆ ಕರ್ಕೊಂಡು ಹೋಗಿ ಒಬ್ಳು ಕೊಮಾಂಚೆ (ಅಮೆರಿಕದ ಮೂಲನಿವಾಸಿ ಬುಡಕಟ್ಟು) ಹುಡುಗಿ ಮುಂದೆ ನಿಲ್ಲಿಸ್ತು.

ಮನೆಗೆ ಬಂದು ಮಗನಿಗೆ 1993ರದ್ದು ಹಾಕ್ದೆ. ಮಳೆ, ಕಾರು, ಲೋಟದಲ್ಲಿ ನೀರು ನಡುಗೋ ಸೀನ್, ಅದನ್ನ ಗಿಟಾರ್ ತಂತಿ ಮೀಟಿ ನಡುಗಿಸಿದ್ದು ಅಂತ ಹೇಳ್ದೆ. ಮೊಬೈಲ್ ಪಕ್ಕಕ್ಕಿಟ್ಟ. ಮುಗಿದ ಮೇಲೆ, ಅಪ್ಪಾ ಇನ್ನೊಂದ್ಸಲ ಹಾಕು ಅಂದ.