ತಸ್ಮೀಮ್ ಮಸ್ಊಲ್: ಜವಾಬ್ದಾರಿ ಇರೋ ಡಿಸೈನ್ ಅಂದ್ರೆ ಏನು?

ಅರಬ್ ದೇಶಗಳಲ್ಲಿ ಡಿಸೈನ್ ಓದೋ ಸ್ಟೂಡೆಂಟ್ಸ್‌ಗೆ ಜವಾಬ್ದಾರಿ ಇರೋ ಡಿಸೈನ್, ಅಂದ್ರೆ ತಸ್ಮೀಮ್ ಮಸ್ಊಲ್, ಹೇಗೆ ಕಲಿಸೋದು ಅನ್ನೋದೇ ಇಲ್ಲಿನ ಪ್ರಶ್ನೆ. ಅರಬ್ಬಿಯಲ್ಲಿ ಡಿಸೈನ್‌ಗೆ ತಸ್ಮೀಮ್ ಅಂತಾರೆ, ಅದೇ ಪದಕ್ಕೆ ಗಟ್ಟಿ ನಿರ್ಧಾರ ಅನ್ನೋ ಅರ್ಥಾನೂ ಇದೆ. ಮಸ್ಊಲ್ ಅಂದ್ರೆ ಜವಾಬ್ದಾರಿ ಹೊತ್ತವನು, ಆದ್ರೆ ಮೂಲಾರ್ಥ ನೋಡಿದ್ರೆ ಪ್ರಶ್ನೆ ಕೇಳಿಸ್ಕೊಳ್ಳೋನು ಅಂತ, ನಮ್ಮ ಸವಾಲ್ ಬಂದಿರೋದೂ ಇದೇ ಧಾತುವಿಂದ. ಜವಾಬ್ದಾರಿಯಲ್ಲಿರೋ ಜವಾಬ್ ಕೂಡ ಅರಬ್ಬೀದೇ, ನಾವು ಉತ್ತರದ ಕಡೆಯಿಂದ ಹಿಡ್ಕೊಂಡ್ವಿ, ಅವರು ಪ್ರಶ್ನೆ ಕಡೆಯಿಂದ.

ನನಗೆ ಈ ಪದ ತುಂಬಾ ಇಷ್ಟ ಆಗೋದು ಅದಕ್ಕೇ. ಕಟ್ಟಡ, ಪೋಸ್ಟರ್, ಆ್ಯಪ್ ಏನೇ ಇರ್ಲಿ, ಇದನ್ನ ಬಳಸೋರು ಯಾರು, ಇದರಿಂದ ಹೊರಗೆ ಉಳಿಯೋರು ಯಾರು ಅಂತ ಮೊದ್ಲೇ ಯೋಚ್ನೆ ಮಾಡಿ, ನಾಳೆ ಅವರೇ ಬಂದು ಕೇಳಿದ್ರೆ ಉತ್ತರ ಕೊಡೋ ಹಾಗೆ ಮಾಡೋದೇ ತಸ್ಮೀಮ್ ಮಸ್ಊಲ್.

ಪಶ್ಚಿಮದಲ್ಲಿ ವಿಕ್ಟರ್ ಪಪನೆಕ್ ಅನ್ನೋ ಡಿಸೈನರ್ 1970ರ ಹೊತ್ತಿಗೆ ಇದನ್ನೇ ಜೋರಾಗಿ ಹೇಳಿದ್ರು, ಆದ್ರೆ ಕೈರೋದ ಸ್ಟೂಡೆಂಟ್ಸ್‌ಗೆ ಅಲ್ಲಿಂದ ಪಾಠ ಶುರು ಮಾಡೋದು ನನಗೆ ಸರಿ ಕಾಣಲ್ಲ. ಅವರ ಊರಿನ ಅಲ್ ಮುಇಝ್ ಬೀದಿ ಎರಡಾಗಿ ಒಡೆಯೋ ಜಾಗದಲ್ಲೇ 1744ರಲ್ಲಿ ಅಬ್ದುಲ್ ರಹಮಾನ್ ಕತ್‌ಖುದಾ ಕಟ್ಟಿಸಿದ ಸಬೀಲ್ ಇದೆ, ಸಬೀಲ್ ಅಂದ್ರೆ ನಮ್ಮ ಅರವಟ್ಟಿಗೆ ಥರ, ಕೆಳಗೆ ದಾರಿಹೋಕರಿಗೆ ಬಿಟ್ಟಿ ನೀರು, ಮೇಲೆ ಮಕ್ಕಳಿಗೆ ಓದು. ಯಾವ ಕಡೆಯಿಂದ ಬಂದೋರಿಗೂ ನೀರು ಸಿಗೋ ಹಾಗೆ ಮೂರು ಕಡೆಗೂ ಜಾಲರಿ ಕಿಟಕಿ.

ಒಳ್ಳೇ ಮನಸ್ಸಿದ್ರೂ ಎಡವಬಹುದು ಅನ್ನೋದಕ್ಕೂ ಉದಾಹರಣೆ ಈಜಿಪ್ಟಿನಲ್ಲೇ ಇದೆ. ವಾಸ್ತುಶಿಲ್ಪಿ ಹಸನ್ ಫತ್ಹಿ 1940ರ ದಶಕದಲ್ಲಿ ಲಕ್ಸರ್ ಹತ್ರ, ಹಳೇ ಗುರ್ನಾದ ಜನರಿಗೆ ಅಂತ ನ್ಯೂ ಗುರ್ನಾ ಅನ್ನೋ ಊರು ಕಟ್ಟಿದ್ರು, ಹಸಿ ಇಟ್ಟಿಗೆ, ದಕ್ಷಿಣದ ನ್ಯೂಬಿಯಾ ಕಡೆಯ ಶೈಲಿಯ ಕಮಾನು, ಗುಮ್ಮಟ, ತಂಪಾದ ಅಂಗಳ, ಉಳಿದಿರೋದು ಇವತ್ತಿಗೂ ನೋಡೋಕೆ ಚೆಂದ. ಆದ್ರೆ ಹಳೇ ಗುರ್ನಾದ ಹೆಚ್ಚಿನ ಜನ ಬರಲೇ ಇಲ್ಲ. ಅವರ ಹೊಟ್ಟೆಪಾಡು ಇದ್ದಿದ್ದೇ ಹಳೇ ಊರಿನ ಜಾಗದಲ್ಲಿರೋ ಪುರಾತನ ಸಮಾಧಿಗಳ ಸುತ್ತ, ಜೊತೆಗೆ ಗುಮ್ಮಟ ಇರೋದು ಗೋರಿಗೆ, ಮನೆಗಲ್ಲ ಅನ್ನೋ ಭಾವನೆ ಬೇರೆ. ಫತ್ಹಿ ಜನರನ್ನ ಮಾತಾಡಿಸದ ಮನುಷ್ಯ ಅಲ್ಲ, ಮನೆ ಹೇಗಿರ್ಬೇಕು ಅನ್ನೋದನ್ನ ಒಂದೊಂದು ಕುಟುಂಬದ ಲೆಕ್ಕದಲ್ಲಿ ಯೋಚಿಸಿದೋರು, ಆದ್ರೆ ಊರು ಬಿಡಬೇಕು ಅನ್ನೋದನ್ನ ಸರ್ಕಾರ ಮೊದ್ಲೇ ತೀರ್ಮಾನ ಮಾಡಿಬಿಟ್ಟಿತ್ತು. ಕ್ಲಾಸಲ್ಲಿ ಈ ಒಂದು ಕಥೆ ಮೇಲೇ ಒಂದು ವಾರ ಚರ್ಚೆ ಮಾಡಿಸಬಹುದು.

ದೋಹಾ, ಶಾರ್ಜಾದಂಥ ಕಡೆ ಇನ್ನೊಂದು ಕಷ್ಟದ ಪ್ರಶ್ನೆ ಇದೆ: ಸಮಾಜ ಅಂದ್ರೆ ಯಾರು? ಕತಾರ್, ಯುಎಇ ಎರಡರಲ್ಲೂ 80 ಪರ್ಸೆಂಟ್‌ಗಿಂತ ಹೆಚ್ಚು ಜನ ಹೊರದೇಶದೋರು, ನಮ್ಮ ಕರಾವಳಿಯೋರೂ ಸೇರಿ. ಯುಎಇನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆ ತನಕ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ. ಈ ನಿಯಮಕ್ಕೊಂದು ಬೋರ್ಡ್ ಮಾಡಿ ಅಂತ ಸ್ಟೂಡೆಂಟ್ಸ್‌ಗೆ ಹೇಳಿದ್ರೆ ಬಲದಿಂದ ಎಡಕ್ಕೆ ಅರಬ್ಬಿ, ಎಡದಿಂದ ಬಲಕ್ಕೆ ಇಂಗ್ಲಿಷ್, ಎರಡನ್ನೂ ನೀಟಾಗಿ ಕೂರಿಸಿ ತರ್ತಾರೆ, ಓದಬೇಕಾದ ಕಾರ್ಮಿಕನಿಗೆ ಎರಡೂ ಬರದೇ ಇರಬಹುದು. ನಾನಾಗಿದ್ರೆ ಅದಕ್ಕೆ ಮಾರ್ಕ್ಸ್ ಹಾಕೋಕೆ ಮುಂಚೆ, ಆ ಎರಡೂವರೆ ಗಂಟೇಲಿ ನೆರಳಲ್ಲಿ ಕೂತಿರೋ ನಾಲ್ಕು ಜನಕ್ಕೆ ಬೋರ್ಡ್ ತೋರಿಸಿ ಏನು ಅರ್ಥ ಆಯ್ತು ಅಂತ ಕೇಳ್ಕೊಂಡು ಬಾ ಅಂತೀನಿ.