ಮಣ್ಣಿನ ಆರೋಗ್ಯ ಅಳೆಯುವ ಲೆಕ್ಕ ಎಲ್ಲಿಂದ ಬಂತು?

ಹೊಲದ ಮಣ್ಣನ್ನು ಪರೀಕ್ಷೆಗೆ ಕೊಟ್ಟರೆ ಕೈಗೆ ಬರುವುದು ಒಂದು ಹಾಳೆ. ರಸಸಾರ (ಮಣ್ಣು ಹುಳಿಯೋ ಕ್ಷಾರವೋ ಎಂದು ಹೇಳುವ pH) ಇಷ್ಟು, ರಂಜಕ ಇಷ್ಟು, ಪೊಟ್ಯಾಷ್ ಇಷ್ಟು, ಆದ್ದರಿಂದ ಗೊಬ್ಬರ ಇಷ್ಟು ಹಾಕಿ. ಮಳೆ ನೀರು ಇಂಗುತ್ತದಾ, ಬೇರು ಸಲೀಸಾಗಿ ಇಳಿಯುತ್ತದಾ, ಎರೆಹುಳು ಇವೆಯಾ ಅನ್ನುವುದು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಲ್ಯಾಬಿನವರನ್ನು ದೂರಿ ಪ್ರಯೋಜನವಿಲ್ಲ. ಈ ಪರೀಕ್ಷೆ ಬೆಳೆದು ಬಂದದ್ದೇ ಗೊಬ್ಬರದ ಲೆಕ್ಕ ಹಾಕುವುದಕ್ಕೆ.

17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬಾತ 200 ಪೌಂಡ್ ಒಣಮಣ್ಣಿನಲ್ಲಿ ವಿಲ್ಲೋ ಗಿಡ ನೆಟ್ಟು, 5 ವರ್ಷ ಬರೀ ನೀರು ಹಾಕಿದ. 5 ಪೌಂಡಿನ ಗಿಡ 169 ಪೌಂಡಿನ ಮರವಾಯಿತು. ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್. ಮರವೆಲ್ಲ ನೀರಿನಿಂದಲೇ ಆಯಿತು ಎಂದುಕೊಂಡ. ಆತ ಲೆಕ್ಕಕ್ಕೇ ಹಿಡಿಯದ ಆ 2 ಔನ್ಸಿಗೆ, ಅಂದರೆ ಮಣ್ಣಿನಿಂದ ಗಿಡ ಹೀರುವ ಪೋಷಕಾಂಶಕ್ಕೆ, ಬೆಲೆ ಬಂದದ್ದು 19ನೇ ಶತಮಾನದಲ್ಲಿ. ಯಾವ ಪೋಷಕಾಂಶ ತೀರಾ ಕಡಿಮೆಯೋ ಅದೇ ಇಳುವರಿಯನ್ನು ಕಟ್ಟಿಹಾಕುತ್ತದೆ ಎಂದು ಮೊದಲು ಹೇಳಿದ್ದು ಜರ್ಮನಿಯ ವಿಜ್ಞಾನಿ ಸ್ಪ್ರೆಂಗಲ್. ಹೆಸರು ಬಂದದ್ದು ಮಾತ್ರ ಅದೇ ದೇಶದ ರಸಾಯನಶಾಸ್ತ್ರಜ್ಞ ಲೀಬಿಗ್‌ಗೆ! 1843ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಶುರುವಾದ, ಯಾವ ಗೊಬ್ಬರಕ್ಕೆ ಎಷ್ಟು ಇಳುವರಿ ಎಂದು ನೋಡುವ ಗೋಧಿ ಹೊಲದ ಪ್ರಯೋಗ ಇವತ್ತಿಗೂ ನಡೆಯುತ್ತಿದೆ.

ನಿಜವಾದ ತಲೆನೋವು ಇಲ್ಲಿಂದ ಮುಂದೆ. ಮಣ್ಣನ್ನು ಗಟ್ಟಿ ಆಮ್ಲದಲ್ಲಿ ಕರಗಿಸಿ ನೋಡಿದರೆ ರಂಜಕ ಧಾರಾಳವಾಗಿ ಕಾಣುತ್ತದೆ. ಆದರೂ ಬೆಳೆ ಸೊರಗುತ್ತದೆ. ಇರುವುದರಲ್ಲಿ ಬೇರಿಗೆ ಎಟುಕುವುದು ಚೂರೇ ಚೂರು. ಆ ಚೂರನ್ನಷ್ಟೇ ಅಳೆಯುವುದು ಹೇಗೆ? 1894ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಬರ್ನಾರ್ಡ್ ಡೈಯರ್, ಬೇರಿನ ರಸದ ಹುಳಿಯನ್ನು ನೋಡಿಕೊಂಡು, ಶೇ. 1ರ ಸಿಟ್ರಿಕ್ ಆಮ್ಲದಲ್ಲಿ ಮಣ್ಣನ್ನು ನೆನೆಸಿದ. 1945ರಲ್ಲಿ ಬ್ರೇ ವಿಧಾನ ಬಂತು, ಅದು ಆಮ್ಲೀಯ ಮಣ್ಣಿಗೆ ಹೊಂದುತ್ತದೆ. ಸುಣ್ಣದಂಶ ಜಾಸ್ತಿ ಇರುವ ಮಣ್ಣಿಗೆ 1954ರ ಓಲ್ಸನ್ ವಿಧಾನ. ಒಂದೇ ಮಣ್ಣಿಗೆ ಒಂದೊಂದು ದ್ರಾವಣ ಒಂದೊಂದು ಅಂಕಿ ಕೊಡುತ್ತದೆ. ಹೊಲದಲ್ಲಿ ಬೆಳೆ ಬೆಳೆದು, ಯಾವ ಅಂಕಿಗೆ ಎಷ್ಟು ಇಳುವರಿ ಎಂದು ತಾಳೆ ನೋಡಿದ ಮೇಲಷ್ಟೇ ಆ ಅಂಕಿಗೆ ಅರ್ಥ. ಇದನ್ನು ಮರೆತು ಎರಡು ಲ್ಯಾಬಿನ ವರದಿ ಪಕ್ಕಪಕ್ಕ ಇಟ್ಟು ಜಗಳಕ್ಕೆ ಬಿದ್ದವರು ಕಡಿಮೆಯಿಲ್ಲ.

ಅಂದಹಾಗೆ, ರಸಸಾರದ ಅಳತೆ ಹುಟ್ಟಿದ್ದು 1909ರಲ್ಲಿ, ಡೆನ್ಮಾರ್ಕಿನ ಬಿಯರ್ ಕಂಪನಿಯೊಂದು ಕಟ್ಟಿಸಿದ ಲ್ಯಾಬಿನಲ್ಲಿ. ಸಾವಯವ ಇಂಗಾಲ (ಕೊಳೆತ ಗಿಡ, ಜೀವಿಗಳಿಂದ ಮಣ್ಣಿಗೆ ಸೇರಿದ ಇಂಗಾಲ) ಅಳೆಯುವ ವಾಕ್ಲಿ-ಬ್ಲ್ಯಾಕ್ ವಿಧಾನ 1934ರದ್ದು. ಅದು ಇಂಗಾಲದ ಸುಮಾರು ಮುಕ್ಕಾಲು ಪಾಲನ್ನು ಮಾತ್ರ ಹಿಡಿಯುತ್ತದೆ. ಉಳಿದದ್ದನ್ನು ಗುಣಾಕಾರ ಮಾಡಿ ಸರಿದೂಗಿಸುತ್ತಾರೆ. ಅಗ್ಗ, ಸುಲಭ, ಹಾಗಾಗಿ ಉಳಿದುಕೊಂಡಿತು.

1930ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯ ಮೇಲ್ಮಣ್ಣು ಗಾಳಿಗೆ ಎದ್ದು ಹೋಯಿತು. ಮಣ್ಣಿನ ಕಟ್ಟು ಸಡಿಲವಾದರೆ ಪೋಷಕಾಂಶವಿದ್ದೂ ಏನು ಬಂತು, ಅಲ್ವಾ? ಆದರೂ ರಾಸಾಯನಿಕ, ಭೌತಿಕ, ಜೈವಿಕ ಗುಣ ಮೂರನ್ನೂ ಒಟ್ಟಿಗೆ ಅಳೆಯಬೇಕು ಎಂಬ ಮಾತು ವಿಜ್ಞಾನಿಗಳಲ್ಲಿ ಬಲವಾದದ್ದು 1990ರ ದಶಕದಲ್ಲಿ. ಈಗ ಹೆಂಟೆಯನ್ನು ನೀರಿಗೆ ಹಾಕಿ ಕರಗುತ್ತದಾ ನೋಡುತ್ತಾರೆ. ಒಣಮಣ್ಣಿಗೆ ನೀರುಣಿಸಿ, ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡ್ ಅಳೆಯುತ್ತಾರೆ. ಗುಂಡಿ ತೋಡಿ ಎರೆಹುಳು ಎಣಿಸುತ್ತಾರೆ. ಆದರೆ ಎಷ್ಟಿದ್ದರೆ ಒಳ್ಳೆಯದು? ಮರಳು ಮಣ್ಣಿಗೂ ಜೇಡಿಮಣ್ಣಿಗೂ ಒಂದೇ ಅಳತೆಗೋಲು ಒಗ್ಗುವುದಿಲ್ಲ. ರಂಜಕಕ್ಕಿರುವಂತೆ ಹೊಲದಲ್ಲಿ ತಾಳೆ ನೋಡಿದ ಗಡಿ ಅಂಕಿಗಳು ಇವುಗಳಿಗೆ ಇನ್ನೂ ಅಷ್ಟಾಗಿ ಇಲ್ಲ. ಎಲ್ಲವನ್ನೂ ಸೇರಿಸಿ ನೂರಕ್ಕೆ ಇಷ್ಟು ಅಂಕ ಎಂದು ಕೊಡುವುದನ್ನು ನಾನಂತೂ ಪೂರ್ತಿ ನಂಬುವುದಿಲ್ಲ.

ಇಂಗಾಲದ ವಿಷಯದಲ್ಲಿ ಈಗ ದುಡ್ಡೂ ಸೇರಿಕೊಂಡಿದೆ. ಮಣ್ಣಲ್ಲಿ ಇಂಗಾಲ ಉಳಿಸಿದ್ದಕ್ಕೆ ಕಾರ್ಬನ್ ಕ್ರೆಡಿಟ್, ಅಂದರೆ ಗಾಳಿಗೆ ಹೋಗದಂತೆ ತಡೆದ ಇಂಗಾಲದ ಲೆಕ್ಕದ ಪತ್ರ, ಮಾರಬಹುದು. ಆದರೆ ಇಂಗಾಲ ಬದಲಾಗುವುದು ತೀರಾ ನಿಧಾನ. ಕೆಲವು ವರ್ಷಗಳಲ್ಲಿ ಆಗುವ ಏರಿಕೆಗಿಂತ ಒಂದೇ ಹೊಲದ ಎರಡು ಮೂಲೆಗಳ ನಡುವಿನ ವ್ಯತ್ಯಾಸವೇ ಜಾಸ್ತಿ ಇರಬಹುದು. ಉಳುಮೆ ನಿಲ್ಲಿಸಿದಾಗ ಇಂಗಾಲ ಮೇಲ್ಪದರದಲ್ಲಿ ಸೇರುತ್ತದೆ. ಮೇಲಿನ 15 ಸೆಂ.ಮೀ. ಮಾತ್ರ ತೆಗೆದು ನೋಡಿದರೆ ಭಾರಿ ಲಾಭವಾದಂತೆ ಕಾಣುತ್ತದೆ. ಇನ್ನೂ ಆಳಕ್ಕೆ ಹೋದರೆ ಕೆಲವೊಮ್ಮೆ ಒಟ್ಟು ಮೊತ್ತ ಇದ್ದಷ್ಟೇ ಇರುತ್ತದೆ. ಹಾಗಾಗಿ ಮಾದರಿಯನ್ನು ಎಲ್ಲಿಂದ, ಎಷ್ಟು ಆಳದಿಂದ, ಯಾವಾಗ ತೆಗೆದರು ಎಂದು ಬರೆಯದ ಇಂಗಾಲದ ಅಂಕಿಯನ್ನು ಮುಂದಿನ ವರ್ಷದ ಅಂಕಿಗೆ ಹೋಲಿಸಲು ಬರುವುದಿಲ್ಲ.